ಝಯಾನ್ ಕಣಿವೆಯಲ್ಲಿ ಗೆಳೆಯರ ಜೊತೆ ಇ-ಬೈಕ್: ಬಸ್ಸಿನ ಕ್ಯೂ ಬಿಟ್ಟು ಸುತ್ತಾಡಲು ಒಂದು ಸಮಗ್ರ ಮಾರ್ಗದರ್ಶಿ

ಅಮೆರಿಕದ ಯೂಟಾ ರಾಜ್ಯದ ಝಯಾನ್ ನ್ಯಾಷನಲ್ ಪಾರ್ಕ್ ತುಂಬಾ ದೊಡ್ಡದು. ಆದರೆ ಬಂದವರಲ್ಲಿ ಹೆಚ್ಚಿನವರು ನೋಡುವುದು ಒಂದೇ ಕಣಿವೆ. ಆ ಕಣಿವೆಗೆ ಇರುವುದು ಒಂದೇ ರಸ್ತೆ, ಅದೂ ಕೊನೆಯಲ್ಲಿ ಬಂಡೆಗೋಡೆ ಎದುರಾಗಿ ನಿಂತುಬಿಡುತ್ತದೆ. 2021ರಲ್ಲಿ ಇಲ್ಲಿಗೆ ಬಂದವರ ಸಂಖ್ಯೆ 50 ಲಕ್ಷ ದಾಟಿತ್ತು. ಅಷ್ಟು ಜನರ ಕಾರು ಆ ಕಿರಿದಾದ ರಸ್ತೆಗೆ ಹಿಡಿಸುವುದಿಲ್ಲ. ಅದಕ್ಕೇ 2000ನೇ ಇಸವಿಯಿಂದ ಪಾರ್ಕಿನವರು ಶಟಲ್ ಬಸ್ಸು ಓಡಿಸುತ್ತಿದ್ದಾರೆ. ಬಸ್ಸು ಓಡುವ ತಿಂಗಳುಗಳಲ್ಲಿ ಖಾಸಗಿ ಕಾರಿಗೆ ಕಣಿವೆಯ ರಸ್ತೆ ಬಂದ್. ಒಳಗಿರುವ ಲಾಡ್ಜಿನಲ್ಲಿ ರೂಮ್ ಮಾಡಿದವರಿಗೆ ಮಾತ್ರ ವಿನಾಯಿತಿ.

ಬಸ್ಸಿಗೆ ಟಿಕೆಟ್ ಇಲ್ಲ, ಬುಕಿಂಗ್ ಇಲ್ಲ. ಕ್ಯೂ ಮಾತ್ರ ಇದೆ. ರಜೆಯ ದಿನ ಬೆಳಿಗ್ಗೆ ವಿಸಿಟರ್ ಸೆಂಟರ್ ಮುಂದಿನ ಸಾಲು ನೋಡಿದರೆ ಧರ್ಮಸ್ಥಳದ ದರ್ಶನದ ಕ್ಯೂ ನೆನಪಾಗುತ್ತದೆ. ಆದರೆ ಅದೇ ರಸ್ತೆಗೆ ಸೈಕಲ್ಲನ್ನು ಬಿಡುತ್ತಾರೆ. ಕಾರಿಲ್ಲ, ಲಾರಿಯಿಲ್ಲ, ಆಗಾಗ ಒಂದು ಬಸ್ಸು, ಅಷ್ಟೇ. ಜನಸಂದಣಿ ಇರುವ ಪಾರ್ಕಿನ ನಟ್ಟನಡುವೆ ಖಾಲಿ ರಸ್ತೆ ಸಿಗುವುದು ಮೋಟಾರ್ ಇರುವ ಸೈಕಲ್ಲಿನವರಿಗೆ, ಅಂದರೆ ಇ-ಬೈಕ್‌ನವರಿಗೆ ಮಾತ್ರ ಅಂದರೂ ತಪ್ಪಿಲ್ಲ. ಲಾಸ್ ವೇಗಸ್, ಫೀನಿಕ್ಸ್, ಲಾಸ್ ಏಂಜಲೀಸ್, ಬೇ ಏರಿಯಾ ಕಡೆಯ ಕನ್ನಡದ ಕುಟುಂಬಗಳು ಲಾಂಗ್ ವೀಕೆಂಡ್‌ಗೆ ಇಲ್ಲಿಗೆ ಬರುವುದು ಮಾಮೂಲು. ಅಂಥ ನಾಲ್ಕೈದು ಜನರ ಗುಂಪನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಯಾವಾಗ ಹೋಗಬೇಕು

ಶಟಲ್ ಓಡುವ ಕಾಲದಲ್ಲೇ ಹೋಗಿ. ಜನ ಜಾಸ್ತಿ ಇರುವ ಕಾಲ ಯಾಕೆ ಅನ್ನಿಸಬಹುದು. ಬಸ್ಸು ನಿಂತ ಚಳಿಗಾಲದಲ್ಲಿ ಖಾಸಗಿ ಕಾರುಗಳಿಗೆ ಕಣಿವೆ ತೆರೆದಿರುತ್ತದೆ. ಆಗ ನೀವು ಕಾರುಗಳ ಮಧ್ಯೆ ಸೈಕಲ್ ತುಳಿಯಬೇಕು. ಪಾರ್ಕಿಂಗ್ ಹುಡುಕುತ್ತಾ ಅತ್ತಿತ್ತ ನೋಡುವ ಡ್ರೈವರ್‌ಗಳ ಪಕ್ಕದಲ್ಲಿ ಸೈಕಲ್ ಹೊಡೆಯುವುದು ಮಜವಲ್ಲ. ನೆರಳಿನಲ್ಲಿ ರಸ್ತೆ ಮೇಲೆ ಮಂಜುಗಡ್ಡೆಯೂ ಇರಬಹುದು.

ಶಟಲ್ ಸಾಮಾನ್ಯವಾಗಿ ಮಾರ್ಚ್‌ನಿಂದ ನವೆಂಬರ್ ಕೊನೆಯವರೆಗೆ ಓಡುತ್ತದೆ, ಕ್ರಿಸ್ಮಸ್ ರಜೆಯಲ್ಲೂ ಒಂದಷ್ಟು ದಿನ ಇರುತ್ತದೆ. ಇದರಲ್ಲಿ ನನ್ನ ಆಯ್ಕೆ ಅಕ್ಟೋಬರ್ ಕೊನೆ ಮತ್ತು ನವೆಂಬರ್ ಮೊದಲ ವಾರ. ನದಿ ದಂಡೆಯ ಕಾಟನ್‌ವುಡ್ ಮರಗಳು ಹಳದಿಗೆ ತಿರುಗಿರುತ್ತವೆ, ಬಿಸಿಲು ಹಿತವಾಗಿರುತ್ತದೆ. ಏಪ್ರಿಲ್, ಮೇ ಕೂಡ ಒಳ್ಳೆಯದು. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 38 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಮಾನ್ಸೂನ್ ಬೇರೆ. ಮಕ್ಕಳ ಸ್ಕೂಲ್ ರಜೆಗಾಗಿ ಬೇಸಿಗೆಯಲ್ಲೇ ಹೋಗಬೇಕಾದರೆ ಬೆಳಿಗ್ಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ಮುಗಿಸಿ.

ಶನಿವಾರ, ಭಾನುವಾರ ಬಿಟ್ಟು ವಾರದ ಮಧ್ಯೆ ಬರಲು ಆದರೆ ಅದೇ ದೊಡ್ಡ ಲಾಭ.

ಗುಂಪು ಎಷ್ಟು ದೊಡ್ಡದಿರಬೇಕು, ಯಾರ್ಯಾರು ಇರಬೇಕು

ನಾಲ್ಕರಿಂದ ಆರು ಜನ ಸಾಕು. ಅದಕ್ಕಿಂತ ಜಾಸ್ತಿಯಾದರೆ ಎರಡು ತಂಡ ಮಾಡಿ, ನಡುವೆ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಹೊರಡಿ. ಹತ್ತು ಸೈಕಲ್ ಸಾಲಾಗಿ ಹೋದರೆ ಹಿಂದಿನ ಬಸ್ಸಿಗೆ ದಾರಿ ಬಿಡುವುದೇ ಒಂದು ಕೆಲಸವಾಗುತ್ತದೆ. ಫೋಟೋಗೆ ಎಲ್ಲರೂ ಸೇರಬೇಕು ಅಂದರೆ ಊಟದ ಜಾಗದಲ್ಲಿ ಸೇರಿಕೊಳ್ಳಿ.

ಎಲ್ಲರಿಗೂ ಸೈಕಲ್ ಬರಬೇಕು. "ಮೋಟಾರ್ ಇದೆಯಲ್ಲ, ಸ್ಕೂಟರ್ ಥರ ಹೋಗುತ್ತೆ ಬಿಡು" ಅಂತ ಸಮಾಧಾನ ಹೇಳಿ ಯಾರನ್ನೂ ಎಳೆದುಕೊಂಡು ಬರಬೇಡಿ. ಇ-ಬೈಕ್ 25 ಕಿಲೋ ಆಸುಪಾಸು ತೂಗುತ್ತದೆ. ಓಡುವಾಗ ಭಾರ ಗೊತ್ತಾಗುವುದಿಲ್ಲ. ನಿಲ್ಲಿಸುವಾಗ ಒಂದು ಕಡೆ ವಾಲಿತು ಅಂದರೆ ಆಗ ಗೊತ್ತಾಗುತ್ತದೆ. ಕಾಲೇಜು ಬಿಟ್ಟ ಮೇಲೆ ಸೈಕಲ್ ಮುಟ್ಟದವರು ಹೋಗುವ ಮುಂಚಿನ ವಾರ ಮನೆ ಹತ್ತಿರ ಮಾಮೂಲಿ ಸೈಕಲ್ಲನ್ನೇ ಒಂದೆರಡು ಸಲ ಓಡಿಸಿಕೊಂಡರೆ ಸಾಕು.

ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಅವರನ್ನು ಸೈಕಲ್ ಮೇಲೆ ಕೂರಿಸುವ ಹಠ ಬೇಡ. ಅವರು ಬಸ್ಸಿನಲ್ಲಿ ಬರಲಿ, ನೀವು ಸೈಕಲ್ಲಿನಲ್ಲಿ ಹೋಗಿ, ಝಯಾನ್ ಲಾಡ್ಜ್ ಮುಂದಿನ ಹುಲ್ಲುಹಾಸಿನಲ್ಲಿ ಭೇಟಿಯಾಗಿ. ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಆದ್ದರಿಂದ ಸೇರುವ ಜಾಗ, ಸಮಯ ಎರಡನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಿ. "ತಲುಪಿದ ಮೇಲೆ ವಾಟ್ಸಾಪ್ ಮಾಡ್ತೀವಿ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಮಕ್ಕಳ ವಿಷಯ. ಯೂಟಾದ ಕಾನೂನಿನಲ್ಲಿ 8 ವರ್ಷದೊಳಗಿನ ಮಕ್ಕಳು ಇ-ಬೈಕ್ ಓಡಿಸುವಂತಿಲ್ಲ. 14ರೊಳಗಿನವರು ತಂದೆ ಅಥವಾ ತಾಯಿಯ ಕಣ್ಣಳತೆಯಲ್ಲಿದ್ದರೆ ಮಾತ್ರ ಓಡಿಸಬಹುದು. ಬಾಡಿಗೆ ಅಂಗಡಿಗಳ ವಯಸ್ಸಿನ ಮಿತಿ ಇದಕ್ಕಿಂತ ಬಿಗಿಯಾಗಿರುವುದೇ ಹೆಚ್ಚು. ಬುಕ್ ಮಾಡುವಾಗಲೇ ಕೇಳಿಬಿಡಿ. ಚಿಕ್ಕ ಮಕ್ಕಳಿಗೆ ಹಿಂದೆ ಕಟ್ಟುವ ಟ್ರೇಲರ್ ಕೆಲವು ಕಡೆ ಸಿಗುತ್ತದೆ.

ಯಾವ ಇ-ಬೈಕ್: ಕ್ಲಾಸ್ 1, ಬೇರೆ ಯಾವುದೂ ಬೇಡ

ಅಮೆರಿಕದಲ್ಲಿ ಇ-ಬೈಕ್‌ಗಳನ್ನು ಮೂರು ಕ್ಲಾಸ್ ಮಾಡಿದ್ದಾರೆ. ಕ್ಲಾಸ್ 1ರಲ್ಲಿ ಪೆಡಲ್ ತುಳಿದರೆ ಮಾತ್ರ ಮೋಟಾರ್ ಕೈಹಿಡಿಯುತ್ತದೆ, ಗಂಟೆಗೆ 20 ಮೈಲಿ ಮುಟ್ಟಿದರೆ ಬಿಟ್ಟುಬಿಡುತ್ತದೆ. ಕ್ಲಾಸ್ 2ರಲ್ಲಿ ಸ್ಕೂಟರಿನ ಆಕ್ಸಿಲರೇಟರ್ ಥರದ ಥ್ರಾಟಲ್ ಇರುತ್ತದೆ, ತುಳಿಯದೆಯೂ ಓಡುತ್ತದೆ. ಕ್ಲಾಸ್ 3ರ ಸಹಾಯ 28 ಮೈಲಿವರೆಗೆ. ಝಯಾನ್‌ನ ಪಾರೂಸ್ ಟ್ರೇಲ್ ಅನ್ನುವ ಕಾಲುದಾರಿಗೂ ಕಾರು ಬಂದ್ ಆಗಿರುವ ಕಣಿವೆಯ ರಸ್ತೆ ಸೀನಿಕ್ ಡ್ರೈವ್‌ಗೂ ಬಿಡುವುದು ಕ್ಲಾಸ್ 1ನ್ನು ಮಾತ್ರ.

ಸ್ವಂತ ಇ-ಬೈಕ್ ಇರುವವರು ಇಲ್ಲೇ ಎಡವುವುದು. ಆನ್‌ಲೈನಲ್ಲಿ ಕಡಿಮೆ ಬೆಲೆಗೆ ಸಿಗುವ ದಪ್ಪ ಟೈರಿನ ಬಹಳಷ್ಟು ಮಾಡೆಲ್‌ಗಳಲ್ಲಿ ಥ್ರಾಟಲ್ ಇದೆ. ಫ್ರೇಮಿನ ಮೇಲೆ ಕ್ಲಾಸ್ ಬರೆದ ಸ್ಟಿಕ್ಕರ್ ಇರುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. "ಥ್ರಾಟಲ್ ಮುಟ್ಟಲ್ಲ ಸರ್" ಅಂತ ರೇಂಜರ್ ಮುಂದೆ ಹೇಳುವ ಲೆಕ್ಕಾಚಾರ ಬೇಡ. ಇನ್ನೊಂದು ವಿಷಯ: ಕಾರಿನ ಹಿಂದೆ ಸೈಕಲ್ ಹೇರುವ ರ‍್ಯಾಕ್ ಮಾಮೂಲಿ ಸೈಕಲ್ಲಿನ ತೂಕಕ್ಕೆ ಮಾಡಿದ್ದಿರಬಹುದು. ಎರಡು ಇ-ಬೈಕ್ ಅಂದರೆ 50 ಕಿಲೋ. ರ‍್ಯಾಕಿನ ಮೇಲೆ ಬರೆದ ಮಿತಿ ಓದಿ, ಬ್ಯಾಟರಿಗಳನ್ನು ಬಿಚ್ಚಿ ಕಾರಿನೊಳಗೆ ಇಟ್ಟುಕೊಳ್ಳಿ.

ನನ್ನ ಮಟ್ಟಿಗೆ ಬಾಡಿಗೆಯೇ ವಾಸಿ. ಪಾರ್ಕಿನ ಬಾಗಿಲಿಗೆ ಅಂಟಿಕೊಂಡಿರುವ ಸ್ಪ್ರಿಂಗ್‌ಡೇಲ್ ಊರಿನಲ್ಲಿ ಬಾಡಿಗೆ ಅಂಗಡಿಗಳು ಬೇಕಾದಷ್ಟಿವೆ. ದಿನಕ್ಕೆ ಒಬ್ಬರಿಗೆ ಸುಮಾರು 60ರಿಂದ 100 ಡಾಲರ್ ಇಟ್ಟುಕೊಳ್ಳಿ. ಅರ್ಧ ದಿನದ ದರ ಕಡಿಮೆ ಅಂತ ಆಸೆಪಡಬೇಡಿ, ಗುಂಪಿನಲ್ಲಿ ಹೋದರೆ ಅರ್ಧ ದಿನ ಎಲ್ಲಿ ಹೋಯಿತು ಅಂತ ಗೊತ್ತೇ ಆಗುವುದಿಲ್ಲ. ರಜೆಯ ವಾರವಾದರೆ ಬಹಳ ಮುಂಚೆಯೇ ಬುಕ್ ಮಾಡಿ. ಬುಕ್ ಮಾಡುವಾಗ ಪ್ರತಿಯೊಬ್ಬರ ಎತ್ತರ ಹೇಳಿ. ಐದಡಿಯವರಿಗೂ ಆರಡಿಯವರಿಗೂ ಒಂದೇ ಸೈಜಿನ ಸೈಕಲ್ ಕೊಟ್ಟರೆ ಇಬ್ಬರಿಗೂ ಕಷ್ಟ. ಬೀಗ, ಹೆಲ್ಮೆಟ್, ಸಾಮಾನಿನ ಚೀಲ ಬಾಡಿಗೆಯಲ್ಲೇ ಸೇರಿದೆಯಾ, ದಾರಿಯಲ್ಲಿ ಪಂಚರ್ ಆದರೆ ಏನು ಮಾಡಬೇಕು, ವಾಪಸ್ ಕೊಡುವ ಕೊನೆಯ ಸಮಯ ಎಷ್ಟು ಅಂತಲೂ ಕೇಳಿಕೊಳ್ಳಿ.

ದುಡ್ಡು, ಪಾಸ್, ದಾರಿ

ಪಾರ್ಕಿನ ಪ್ರವೇಶ ಶುಲ್ಕ ಬೇರೆ. ನಡೆದು ಅಥವಾ ಸೈಕಲ್ಲಿನಲ್ಲಿ ಒಳಗೆ ಹೋಗುವವರಿಗೆ ತಲಾ 20 ಡಾಲರ್, ಕಾರಿಗೆ 35 ಡಾಲರ್, ಎರಡೂ ಏಳು ದಿನಕ್ಕೆ. 15 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಶುಲ್ಕವಿಲ್ಲ. ಎಲ್ಲ ನ್ಯಾಷನಲ್ ಪಾರ್ಕ್‌ಗಳಿಗೂ ನಡೆಯುವ 80 ಡಾಲರ್‌ನ ವಾರ್ಷಿಕ ಪಾಸ್ ಇದ್ದರೆ ಪಾಸಿನವರ ಜೊತೆ ಇನ್ನೂ ಮೂವರು ದೊಡ್ಡವರು ಸೈಕಲ್ಲಿನಲ್ಲಿ ಒಳಗೆ ಹೋಗಬಹುದು. ನಾಲ್ಕು ಜನರ ಗುಂಪಿಗೆ ಲೆಕ್ಕ ಅಲ್ಲಿಗೆ ಸರಿಹೋಯಿತು.

ಭಾರತದಿಂದ ಪ್ರವಾಸಕ್ಕೆ ಬಂದವರು ಇದನ್ನು ಗಮನಿಸಿ. 2026ರ ಜನವರಿ 1ರಿಂದ ಝಯಾನ್ ಸೇರಿ 11 ಪಾರ್ಕ್‌ಗಳಲ್ಲಿ ಅಮೆರಿಕದ ನಿವಾಸಿಗಳಲ್ಲದ, 16 ವರ್ಷ ಮೇಲ್ಪಟ್ಟವರಿಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ ಬಂದಿದೆ. ಅವರ ವಾರ್ಷಿಕ ಪಾಸ್ 250 ಡಾಲರ್. ಅಲ್ಲೇ ವಾಸ ಇರುವವರು ಡ್ರೈವಿಂಗ್ ಲೈಸೆನ್ಸ್‌ನಂಥ ಫೋಟೋ ಇರುವ ಗುರುತಿನ ಕಾರ್ಡ್ ಮರೆಯಬಾರದು. ಶುಲ್ಕಗಳು ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ಪಾರ್ಕಿನ ಅಧಿಕೃತ ಜಾಲತಾಣ ಒಮ್ಮೆ ನೋಡಿ.

ಲಾಸ್ ವೇಗಸ್‌ನಿಂದ ಸ್ಪ್ರಿಂಗ್‌ಡೇಲ್ ಸುಮಾರು 160 ಮೈಲಿ, ಎರಡೂವರೆ ಮೂರು ಗಂಟೆ. ಐ-15 ಹಿಡಿದು ಉತ್ತರಕ್ಕೆ ಬಂದು ರಾಜ್ಯ ಹೆದ್ದಾರಿ 9ಕ್ಕೆ ತಿರುಗಬೇಕು. ದಾರಿಯಲ್ಲಿ ಅರಿಜೋನಾದ ಒಂದು ತುಂಡು ಬರುತ್ತದೆ, ಆಮೇಲೆ ಯೂಟಾ. ಯೂಟಾದ ಗಡಿಯಾರ ವೇಗಸ್‌ಗಿಂತ ಒಂದು ಗಂಟೆ ಮುಂದೆ. ಬೆಳಿಗ್ಗೆ ಏಳಕ್ಕೆ ಅಂಗಡಿ ಮುಂದೆ ಇರಬೇಕು ಅಂದರೆ ಅದು ವೇಗಸ್‌ನ ಆರು ಗಂಟೆ. ಹಿಂದಿನ ರಾತ್ರಿಯೇ ಬಂದು ಉಳಿಯಿರಿ. ಸ್ಪ್ರಿಂಗ್‌ಡೇಲ್‌ನಲ್ಲಿ ರೂಮ್ ದುಬಾರಿ ಅನ್ನಿಸಿದರೆ ಹರಿಕೇನ್ ಅಥವಾ ಸೇಂಟ್ ಜಾರ್ಜ್ ಕಡೆ ನೋಡಿ. ವಿಸಿಟರ್ ಸೆಂಟರ್‌ನ ಪಾರ್ಕಿಂಗ್ ಬೆಳ್ಳಂಬೆಳಿಗ್ಗೆ ತುಂಬಿಹೋಗುತ್ತದೆ. ನೀವು ಅತ್ತ ಹೋಗಲೇಬೇಡಿ. ಕಾರನ್ನು ಊರಿನಲ್ಲೇ ನಿಲ್ಲಿಸಿ, ಅಂಗಡಿಯಿಂದಲೇ ಸೈಕಲ್ ಹತ್ತಿ.

ಅಂಗಡಿಯ ಮುಂದೆ ಹತ್ತು ನಿಮಿಷ

ಸೈಕಲ್ ಕೈಗೆ ಬಂದ ತಕ್ಷಣ ಓಡಬೇಡಿ. ಸೀಟಿನ ಎತ್ತರ ಮೊದಲು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಭಯ ಇರುವವರು ಸ್ವಲ್ಪ ತಗ್ಗಿಸಿಕೊಳ್ಳಲಿ, ಎರಡೂ ಪಾದ ನೆಲಕ್ಕೆ ತಾಗಿದರೆ ಧೈರ್ಯ ಬರುತ್ತದೆ.

ಆಮೇಲೆ ಬ್ರೇಕ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆಯ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ. ಅಮೆರಿಕದಲ್ಲಿ ತಿರುಗುಮುರುಗು: ಎಡಗೈ ಮುಂದಿನ ಚಕ್ರಕ್ಕೆ, ಬಲಗೈ ಹಿಂದಿನದಕ್ಕೆ. ಜೊತೆಗೆ ಇ-ಬೈಕ್‌ಗಳಲ್ಲಿ ಇರುವುದು ಡಿಸ್ಕ್ ಬ್ರೇಕ್, ಎರಡು ಬೆರಳು ಸಾಕು. ಊರಿನ ಅಭ್ಯಾಸದಲ್ಲಿ ಎಡಗೈಯನ್ನು ಗಟ್ಟಿಯಾಗಿ ಒತ್ತಿದರೆ ಮುಂದಿನ ಚಕ್ರ ಕಚ್ಚಿಕೊಂಡು ನಿಂತು ನೀವು ಹ್ಯಾಂಡಲ್ ಮೇಲೆ ಬೀಳುತ್ತೀರಿ. ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸುತ್ತಾ ಎರಡೂ ಕೈಯನ್ನು ಮೆಲ್ಲಗೆ ಒತ್ತಿ ನಿಲ್ಲಿಸುವುದನ್ನು ನಾಲ್ಕೈದು ಸಲ ಮಾಡಿ. ರಸ್ತೆಯ ಬಲಕ್ಕೆ ಹೋಗಬೇಕು ಅನ್ನುವುದನ್ನೂ ಊರಿಂದ ಬಂದವರಿಗೆ ಇಲ್ಲೇ ನೆನಪಿಸಿ.

ಮೋಟಾರಿನ ಸ್ವಭಾವವನ್ನೂ ಇಲ್ಲೇ ತಿಳಿದುಕೊಳ್ಳಿ. ಕೆಲವು ಬಾಡಿಗೆ ಇ-ಬೈಕ್‌ಗಳಲ್ಲಿ ಪೆಡಲ್ ತಿರುಗುತ್ತಿದೆಯಾ ಇಲ್ಲವಾ ಅಂತ ಮಾತ್ರ ಸೆನ್ಸರ್ ನೋಡುತ್ತದೆ. ಎಷ್ಟು ಜೋರಾಗಿ ತುಳಿದಿರಿ ಅನ್ನುವುದು ಅದಕ್ಕೆ ಬೇಡ. ಅಂಥದರಲ್ಲಿ ನಿಂತಾಗ ಸುಮ್ನೆ ಪೆಡಲ್ ಮೇಲೆ ಕಾಲಿಟ್ಟು ಒತ್ತಿದರೂ ಸೈಕಲ್ ಮುಂದಕ್ಕೆ ಜಿಗಿಯುತ್ತದೆ. ಆದ್ದರಿಂದ ನಿಂತಾಗಲೆಲ್ಲ ಬ್ರೇಕ್ ಹಿಡಿದೇ ಇರಿ. ಅಸಿಸ್ಟ್ ಮಟ್ಟವನ್ನು, ಅಂದರೆ ಮೋಟಾರ್ ಕೊಡುವ ಸಹಾಯವನ್ನು, ಒಂದಕ್ಕೆ ಇಳಿಸಿಯೇ ಹೊರಡಿ.

ಉದ್ದ ದುಪಟ್ಟಾ, ಸಡಿಲ ಪ್ಯಾಂಟು ಬೇಡ. ಬಲಗಾಲಿನ ಪ್ಯಾಂಟು ಚೈನಿಗೆ ಸಿಗುತ್ತದೆ, ರಬ್ಬರ್ ಬ್ಯಾಂಡ್ ಹಾಕಿ. ಬೀಗದ ನಂಬರನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಸೈಕಲ್ ಮೇಲೆ ಮೊದಲೇ ಇರುವ ಗೀರುಗಳನ್ನೂ ಫೋಟೋ ತೆಗೆಯಿರಿ, ಸಂಜೆ ವಾದ ತಪ್ಪುತ್ತದೆ.

ಬೆಳಿಗ್ಗೆ: ಪಾರೂಸ್ ಟ್ರೇಲ್

ದಕ್ಷಿಣದ ಬಾಗಿಲು ದಾಟಿ ವಿಸಿಟರ್ ಸೆಂಟರ್ ಹತ್ತಿರ ಬಂದರೆ ಪಾರೂಸ್ ಟ್ರೇಲ್ ಸಿಗುತ್ತದೆ. ಡಾಂಬರಿನ ಕಾಲುದಾರಿ, ಒಂದು ಕಡೆಗೆ 1.7 ಮೈಲಿ. ವರ್ಜಿನ್ ನದಿಯನ್ನು ಸೇತುವೆಗಳ ಮೇಲೆ ಆಚೀಚೆ ದಾಟುತ್ತಾ ಕ್ಯಾನ್ಯನ್ ಜಂಕ್ಷನ್‌ವರೆಗೆ ಹೋಗುತ್ತದೆ. ಝಯಾನ್‌ನ ಟ್ರೇಲ್‌ಗಳ ಪೈಕಿ ಸೈಕಲ್ಲಿಗೆ ಅವಕಾಶ ಇರುವುದು ಇದೊಂದಕ್ಕೇ. ನಾಯಿ ಕರೆದುಕೊಂಡು ಹೋಗಬಹುದಾದ ಟ್ರೇಲ್ ಕೂಡ ಇದೇ. ಹಾಗಾಗಿ ತಳ್ಳುಗಾಡಿಯ ಮಕ್ಕಳು, ಹಗ್ಗದ ತುದಿಯ ನಾಯಿಗಳು, ನದಿ ನೋಡುತ್ತಾ ಹಿಂದಕ್ಕೆ ಹೆಜ್ಜೆ ಇಡುವವರು, ಎಲ್ಲರೂ ಇರುತ್ತಾರೆ. ವೇಗ ಬೇಡ. ಹಿಂದಿನಿಂದ ಬರುವಾಗ ದೂರದಲ್ಲೇ ಬೆಲ್ ಹೊಡೆದು, "ಆನ್ ಯುವರ್ ಲೆಫ್ಟ್" ಅಂತ ಹೇಳಿ ಎಡಗಡೆಯಿಂದ ದಾಟಿ. ನಾಯಿಯ ಹಗ್ಗ ಉದ್ದ ಇದ್ದರೆ ಕಾದುಬಿಡಿ.

ಸೀನಿಕ್ ಡ್ರೈವ್‌ಗೆ ಕಾಲಿಡುವ ಮುಂಚೆ ಗುಂಪಿಗೆ ಇದೇ ಅಭ್ಯಾಸದ ಜಾಗ. ಯಾರು ಮುಂದೆ, ಯಾರು ಕೊನೆಗೆ ಅಂತ ಇಲ್ಲೇ ನಿರ್ಧಾರ ಮಾಡಿ. ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡಿಸುವವರು ಕೊನೆಗೆ ಇರಬೇಕು, ಮುಂದೆ ಅಲ್ಲ. ಮುಂದಿರುವವರು ನಿಧಾನದವರ ವೇಗಕ್ಕೆ ಹೋಗಬೇಕು. ಮೋಟಾರ್ ಇರುವುದರ ಲಾಭವೇ ಇದು. ಏರಿನಲ್ಲಿ ಬಲ ಕಡಿಮೆ ಇರುವವರು ಅಸಿಸ್ಟ್ ಏರಿಸಿಕೊಂಡರೆ ಜಿಮ್ಮಿಗೆ ಹೋಗುವ ಗೆಳೆಯನೂ ಮಂಡಿ ನೋವಿನ ಗೆಳತಿಯೂ ಪಕ್ಕಪಕ್ಕದ ವೇಗದಲ್ಲೇ ಇರುತ್ತಾರೆ. ಆದರೆ ರಸ್ತೆಯಲ್ಲಿ ಪಕ್ಕಪಕ್ಕದಲ್ಲಿ ಹೋಗುವಂತಿಲ್ಲ, ಒಬ್ಬರ ಹಿಂದೆ ಒಬ್ಬರು.

ಬಸ್ಸು ಬಂದಾಗ

ಕ್ಯಾನ್ಯನ್ ಜಂಕ್ಷನ್‌ನಿಂದ ಕಣಿವೆಯ ಕೊನೆಯ ಟೆಂಪಲ್ ಆಫ್ ಸಿನಾವಾವಾವರೆಗೆ ಸೀನಿಕ್ ಡ್ರೈವ್ ಸುಮಾರು 6 ಮೈಲಿ. ಈ ರಸ್ತೆಯ ನಿಯಮಗಳಲ್ಲಿ ಒಂದನ್ನು ಎಲ್ಲರೂ ಬಾಯಿಪಾಠ ಮಾಡಬೇಕು. ಓಡುತ್ತಿರುವ ಸೈಕಲ್ಲನ್ನು ಶಟಲ್ ಬಸ್ಸು ಹಿಂದಿಕ್ಕುವುದಿಲ್ಲ. ನೀವೇ ಬಲಕ್ಕೆ ಸರಿದು ಪೂರ್ತಿ ನಿಲ್ಲಬೇಕು. ಆಗ ಮಾತ್ರ ಬಸ್ಸು ದಾಟಿ ಹೋಗುತ್ತದೆ. ನಿಧಾನ ಮಾಡಿ ಕೈಸನ್ನೆ ಮಾಡಿದರೆ ಪ್ರಯೋಜನವಿಲ್ಲ, ಡ್ರೈವರ್ ನಿಮ್ಮ ಹಿಂದೆಯೇ ಬರುತ್ತಿರುತ್ತಾರೆ. ಬಸ್ಸಿನಲ್ಲಿ ನಿಂತವರೆಲ್ಲ ಗಾಜಿನಿಂದ ನಿಮ್ಮನ್ನೇ ನೋಡುತ್ತಿರುತ್ತಾರೆ.

2024ರಿಂದ ಶಟಲ್‌ಗಳೆಲ್ಲ ಬ್ಯಾಟರಿ ಬಸ್ಸುಗಳು. ಹಳೆಯ ಬಸ್ಸಿನ ಗದ್ದಲ ಇಲ್ಲ. ಹಿಂದೆ ಬಂದು ನಿಂತಿದ್ದೂ ಗೊತ್ತಾಗದೆ ಹೋಗಬಹುದು. ಆದ್ದರಿಂದ ಕೊನೆಯಲ್ಲಿರುವವರ ಸೈಕಲ್ಲಿಗೆ ಕನ್ನಡಿ ಇರಲಿ, ಕಿವಿಯಲ್ಲಿ ಇಯರ್‌ಫೋನ್ ಯಾರಿಗೂ ಬೇಡ.

ಗುಂಪಿನಲ್ಲಿ ಇದು ಹೀಗೆ ನಡೆಯಬೇಕು. ಕೊನೆಯವರು ಬಸ್ಸು ಕಂಡ ಕೂಡಲೇ "ಬಸ್ಸು!" ಅಂತ ಕೂಗುತ್ತಾರೆ. ಪ್ರತಿಯೊಬ್ಬರೂ ಅದನ್ನು ಮುಂದಿನವರಿಗೆ ದಾಟಿಸುತ್ತಾರೆ. ಮುಂದಿರುವವರು ರಸ್ತೆಬದಿ ಅಗಲ ಇರುವ ಜಾಗ, ನೇರವಾಗಿ ಕಾಣುವ ಜಾಗ ನೋಡಿ ಬಲಗೈ ಚಾಚುತ್ತಾರೆ. ತಿರುವಿನಲ್ಲಿ ನಿಲ್ಲಬೇಡಿ. ಎಲ್ಲರೂ ವೇಗ ಇಳಿಸಿ, ಒಬ್ಬರ ಹಿಂದೆ ಒಬ್ಬರು ಸರಿದು, ಕಾಲು ನೆಲಕ್ಕೆ ಊರುತ್ತಾರೆ. ನಿಲ್ಲುವ ಮುಂಚೆ ಗೇರ್ ಇಳಿಸಿಕೊಳ್ಳಿ. ಭಾರದ ಗೇರಿನಲ್ಲಿ ನಿಂತ ಇ-ಬೈಕ್ ಮತ್ತೆ ಹೊರಡುವಾಗ ಓಲಾಡುತ್ತದೆ, ಅದೇ ಹೊತ್ತಿಗೆ ಎರಡನೇ ಬಸ್ಸು ಬಂದರೆ ಗಾಬರಿ. ಒಂದು ಬಸ್ಸು ದಾಟಿತು ಅಂತ ತಟ್ಟನೆ ಹೊರಡಬೇಡಿ, ಹಿಂದೆ ಇನ್ನೊಂದು ಇದೆಯಾ ನೋಡಿ. ಒಂದೆರಡು ಸಲ ಆದ ಮೇಲೆ ಇದು ತಾನಾಗಿಯೇ ಬರುತ್ತದೆ. ರಸ್ತೆ ಪಕ್ಕದ ಮರಳಿನ ಮೇಲೆ ಮಾತ್ರ ಚಕ್ರ ತಿರುಗಿಸಬೇಡಿ, ಜಾರುತ್ತದೆ.

ಬಸ್ಸಿನ ಮುಂದೆ ಸೈಕಲ್ ಇಡುವ ರ‍್ಯಾಕ್ ಇದೆ. ಸುಸ್ತಾದರೆ ಬಸ್ಸಿಗೆ ಹಾಕಿಕೊಂಡು ಬರೋಣ ಅಂತ ಪ್ಲಾನ್ ಮಾಡಬೇಡಿ. ಜಾಗ ಇರುವುದು ಕೆಲವೇ ಸೈಕಲ್ಲಿಗೆ, ಇ-ಬೈಕ್‌ನ ಭಾರ ಬೇರೆ. ಗುಂಪಿಗೆ ಅದು ಆಗದ ಮಾತು.

ಮೊದಲು ನೇರ ಕೊನೆಗೆ, ಆಮೇಲೆ ಇಳಿಯುತ್ತಾ ನೋಡಿ

ಕಣಿವೆಯಲ್ಲಿ ಒಂಬತ್ತು ಬಸ್ ನಿಲ್ದಾಣಗಳಿವೆ. ಎಲ್ಲರೂ ಮಾಡುವುದು ಮೊದಲ ನಿಲ್ದಾಣದಿಂದ ಒಂದೊಂದೇ ನೋಡುತ್ತಾ ಹೋಗುವುದು. ಇ-ಬೈಕ್‌ನವರು ಇದನ್ನು ತಿರುಗಿಸಬೇಕು. ಎಲ್ಲೂ ಇಳಿಯದೆ ಟೆಂಪಲ್ ಆಫ್ ಸಿನಾವಾವಾಗೆ ಹೋಗಿಬಿಡಿ. ಕಣಿವೆ ಮೇಲಕ್ಕೆ ಹೋದಷ್ಟೂ ಕಿರಿದಾಗುತ್ತದೆ, ಬಿಸಿಲು ಅಲ್ಲಿಗೆ ತಡವಾಗಿ ಇಳಿಯುತ್ತದೆ. ಬೆಳಿಗ್ಗೆ ತಂಪಿನಲ್ಲಿ ಏರು ಮುಗಿಯುತ್ತದೆ. ಹೊತ್ತೇರಿದ ಮೇಲೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆಗ ನೀವು ಕೆಳಗೆ ಇಳಿಯುತ್ತಿರುತ್ತೀರಿ. ಬ್ಯಾಟರಿ ಲೆಕ್ಕವೂ ಸುಲಭ, ಖರ್ಚಿನ ದೊಡ್ಡ ಪಾಲು ಮೊದಲೇ ಆಗಿಹೋಗಿರುತ್ತದೆ.

ಬ್ಯಾಟರಿ ಸಾಕಾಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಸಾಕು. ವಿಸಿಟರ್ ಸೆಂಟರ್‌ನಿಂದ ಕೊನೆಯವರೆಗೆ ಸುಮಾರು 8 ಮೈಲಿ, ಏರು ಒಟ್ಟು 500 ಅಡಿ ಆಸುಪಾಸು. ಊರಿನ ಓಡಾಟ ಸೇರಿಸಿದರೂ ಹೋಗಿಬರಲು 20 ಮೈಲಿ ಅಂದುಕೊಳ್ಳಿ. ಮೈಲಿಗೆ 10ರಿಂದ 20 ವಾಟ್-ಅವರ್ ಖರ್ಚಾಗುತ್ತದೆ. ಬ್ಯಾಟರಿ 500 ವಾಟ್-ಅವರ್‌ನದ್ದಾದರೆ ಇನ್ನೂ ಉಳಿಯುತ್ತದೆ. ಪೂರ್ತಿ ದಾರಿ ಟರ್ಬೋದಲ್ಲೇ (ಅತಿ ಹೆಚ್ಚಿನ ಅಸಿಸ್ಟ್‌ನಲ್ಲೇ) ಹೊಡೆದು, ಎದುರುಗಾಳಿಯೂ ಸಿಕ್ಕರೆ ಮಾತ್ರ ಕೊನೆಯಲ್ಲಿ ಕೈಕೊಡಬಹುದು. ಆಗಲೂ ಹೆದರುವುದೇನಿಲ್ಲ, ವಾಪಸ್ ದಾರಿ ಇಳಿಜಾರು.

ಟೆಂಪಲ್ ಆಫ್ ಸಿನಾವಾವಾ ಹತ್ತಿರ ಸ್ಟ್ಯಾಂಡಿಗೆ ಸೈಕಲ್ ಬೀಗ ಹಾಕಿ. ಮರಕ್ಕೋ ಬೋರ್ಡಿಗೋ ಕಟ್ಟಬೇಡಿ. ಅಲ್ಲಿಂದ ರಿವರ್‌ಸೈಡ್ ವಾಕ್ ನಡೆದುಕೊಂಡು ಹೋಗಿ, ಹೋಗಿಬರಲು 2.2 ಮೈಲಿ. ಡಾಂಬರು ದಾರಿ, ಪಕ್ಕದಲ್ಲಿ ನದಿ, ಗೋಡೆಗಳಿಂದ ಜಿನುಗುವ ನೀರಿನಲ್ಲಿ ಬೆಳೆದ ಜರೀಗಿಡಗಳು. ಅದು ಮುಗಿದ ಜಾಗದಿಂದ ನದಿಯೊಳಗೇ ನಡೆಯುವ ನ್ಯಾರೋಸ್ ಶುರು. ಸೈಕಲ್ ದಿನ ಅದನ್ನು ಸೇರಿಸಬೇಡಿ, ಅದಕ್ಕೇ ಒಂದು ದಿನ ಬೇಕು. ಏಂಜಲ್ಸ್ ಲ್ಯಾಂಡಿಂಗ್ ಅನ್ನುವ ಬಂಡೆ ಶಿಖರದ ಚಾರಣ ಕೂಡ ಅಷ್ಟೇ. 2022ರ ಏಪ್ರಿಲ್‌ನಿಂದ ಅದಕ್ಕೆ ಲಾಟರಿ ಮೂಲಕ ಪರ್ಮಿಟ್ ಬೇಕು.

ಇಳಿಯುವಾಗ ಮೊದಲು ಬಿಗ್ ಬೆಂಡ್. ಇಲ್ಲಿ ಕತ್ತೆತ್ತಿ ಗೋಡೆಗಳನ್ನು ನಿಧಾನವಾಗಿ ನೋಡಿ. ಬಣ್ಣಬಣ್ಣದ ಚುಕ್ಕೆಗಳು ಅಲುಗಾಡಿದರೆ ಅವರು ಬಂಡೆ ಹತ್ತುವವರು. ಮೇಲೆ ದೊಡ್ಡ ಕಪ್ಪು ರೆಕ್ಕೆ ಕಂಡರೆ ಕ್ಯಾಲಿಫೋರ್ನಿಯಾ ಕಾಂಡೋರ್ ಅನ್ನುವ ರಣಹದ್ದು ಇರಬಹುದು, ರೆಕ್ಕೆಯ ಅಡಿಯಲ್ಲಿ ಬಿಳಿ ಪಟ್ಟಿ ಇದೆಯಾ ಅಂತ ನೋಡಿ. ಬಸ್ಸಿನಲ್ಲಿ ಬಂದವರಿಗೆ ಈ ನಿಲ್ದಾಣದಲ್ಲಿ ಇಳಿಯಬೇಕು ಅಂತ ಹೊಳೆಯುವುದೇ ಕಡಿಮೆ. ಮುಂದೆ ಗ್ರಾಟೊದಲ್ಲಿ ನೀರು, ಶೌಚಾಲಯ, ಊಟಕ್ಕೆ ಮೇಜುಗಳಿವೆ.

ಕೊನೆಯಿಂದ ಮೂರು ಮೈಲಿ ಚಿಲ್ಲರೆ ಇಳಿದರೆ ಝಯಾನ್ ಲಾಡ್ಜ್. ಕಣಿವೆಯೊಳಗೆ ಊಟ ಸಿಗುವುದು ಇಲ್ಲಿ ಮಾತ್ರ. ಹುಲ್ಲುಹಾಸಿನ ಮಧ್ಯದಲ್ಲಿ ಒಂದು ಭಾರಿ ಕಾಟನ್‌ವುಡ್ ಮರ ಇದೆ, ಅದರ ನೆರಳಿನಲ್ಲಿ ಒಂದು ಗಂಟೆ ಮಲಗಿ. ಬಸ್ಸಿನಲ್ಲಿ ಬಂದ ಅಪ್ಪ ಅಮ್ಮನನ್ನು ಸೇರುವ ಜಾಗವೂ ಇದೇ. ಶಕ್ತಿ ಉಳಿದಿದ್ದರೆ ಎದುರಿನ ಸೇತುವೆ ದಾಟಿ ಲೋವರ್ ಎಮರಾಲ್ಡ್ ಪೂಲ್‌ಗೆ ನಡೆದು ಬನ್ನಿ, ಹೋಗಿಬರಲು 1.2 ಮೈಲಿ. ಅಲ್ಲಿಂದ ಕೆಳಗೆ ಕೋರ್ಟ್ ಆಫ್ ದ ಪೇಟ್ರಿಯಾರ್ಕ್ಸ್‌ನಲ್ಲಿ ಒಂದು ಪುಟ್ಟ ನಿಲುಗಡೆ. ಅಬ್ರಹಾಂ, ಐಸಾಕ್, ಜೇಕಬ್ ಅಂತ ಮೂರು ಶಿಖರಗಳು. ಇವಕ್ಕೆ 1916ರಲ್ಲಿ ಹೆಸರಿಟ್ಟವರು ಫ್ರೆಡರಿಕ್ ವೈನಿಂಗ್ ಫಿಶರ್ ಅನ್ನುವ ಪಾದ್ರಿ.

ಬುತ್ತಿ, ನೀರು, ಅಳಿಲು

ಲಾಡ್ಜ್‌ನ ಕ್ಯಾಂಟೀನಿಗೂ ಕ್ಯೂ ಇರುತ್ತದೆ. ಬುತ್ತಿ ಕಟ್ಟಿಕೊಳ್ಳುವುದು ಒಳ್ಳೆಯದು. ಚಪಾತಿ ಮತ್ತು ಚಟ್ನಿಪುಡಿ, ಚಿತ್ರಾನ್ನ, ಪುಳಿಯೋಗರೆ ಎಲ್ಲ ನಡೆಯುತ್ತದೆ. ಮೊಸರನ್ನ ಬಿಸಿಲಿಗೆ ಹುಳಿಯಾಗುತ್ತದೆ, ಬೇಡ. ತಲಾ ಎರಡು ಮೂರು ಲೀಟರ್ ನೀರು ಇಟ್ಟುಕೊಳ್ಳಿ. ವಿಸಿಟರ್ ಸೆಂಟರ್, ಮ್ಯೂಸಿಯಂ, ಲಾಡ್ಜ್, ಗ್ರಾಟೊ, ಟೆಂಪಲ್ ಆಫ್ ಸಿನಾವಾವಾದಲ್ಲಿ ಮತ್ತೆ ತುಂಬಿಸಬಹುದು. ನದಿಯ ನೀರು ಬಾಯಿಗೆ ಹಾಕಬೇಡಿ. 2020ರಲ್ಲಿ ಅದರಲ್ಲಿ ವಿಷಕಾರಿ ಸಯನೋಬ್ಯಾಕ್ಟೀರಿಯಾ ಸಿಕ್ಕಿದೆ.

ಇಲ್ಲಿಯ ಅಳಿಲುಗಳು ನಮ್ಮ ಮೂರು ಪಟ್ಟೆಯ ಪುಟ್ಟ ಅಳಿಲಿನ ಥರ ಅಲ್ಲ. ದೊಡ್ಡವು, ಧೈರ್ಯವಂತವು, ಕಚ್ಚುತ್ತವೆ. ಚಕ್ಕುಲಿ, ಕೋಡುಬಳೆ ಪ್ಯಾಕೆಟ್ಟನ್ನು ಸೈಕಲ್ಲಿನ ಚೀಲದಲ್ಲಿ ಬಿಟ್ಟು ನಡೆಯಲು ಹೋದರೆ ಚೀಲಕ್ಕೇ ತೂತು ಬೀಳುತ್ತದೆ, ಆ ಚೀಲ ಬಾಡಿಗೆಯದ್ದು. ತಿಂಡಿಯನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ಬೆನ್ನಿನ ಬ್ಯಾಗಿನಲ್ಲೇ ಇಟ್ಟುಕೊಳ್ಳಿ. ಪ್ರಾಣಿಗಳಿಗೆ ತಿನ್ನಿಸಿದರೆ ದಂಡ ಇದೆ.

ಮೋಡ, ಬೀಳುವುದು, ಪಂಚರ್

ಮಾನ್ಸೂನ್ ತಿಂಗಳಲ್ಲಿ ಬೆಳಿಗ್ಗೆಯೇ ಹವಾಮಾನ ಮತ್ತು ಫ್ಲಾಶ್ ಫ್ಲಡ್ (ದಿಢೀರ್ ಪ್ರವಾಹ) ಎಚ್ಚರಿಕೆ ನೋಡಿ. ಮೈಲಿಗಟ್ಟಲೆ ಆಚೆ ಸುರಿದ ಮಳೆ ಇಲ್ಲಿ ಕೆಸರು ನೀರಾಗಿ ಬರುತ್ತದೆ. ನದಿ ನೀರಿನ ಬಣ್ಣ ತಟ್ಟನೆ ಮಣ್ಣಾದರೆ, ಕಡ್ಡಿ ಕಸ ತೇಲಿ ಬಂದರೆ ದಂಡೆ ಬಿಟ್ಟು ಎತ್ತರಕ್ಕೆ ಹತ್ತಿ. ಮಳೆಯ ನಂತರ ರಸ್ತೆ ಮೇಲೆ ಕಲ್ಲು, ಮರಳು ಬಿದ್ದಿರುತ್ತದೆ, ಇಳಿಜಾರಿನಲ್ಲಿ ವೇಗ ಬಿಡಬೇಡಿ.

ಯಾರಾದರೂ ಬಿದ್ದರೆ ಮೊದಲು ಸೈಕಲ್ಲನ್ನಲ್ಲ, ಮನುಷ್ಯರನ್ನು ರಸ್ತೆಯಿಂದ ಪಕ್ಕಕ್ಕೆ ತನ್ನಿ. ತುರ್ತು ಇದ್ದರೆ 911. ಸಿಗ್ನಲ್ ಇಲ್ಲದಿದ್ದರೆ ಬರುವ ಮೊದಲ ಬಸ್ಸನ್ನು ನಿಲ್ಲಿಸಿ ಡ್ರೈವರ್‌ಗೆ ಹೇಳಿ, ಅವರಲ್ಲಿ ರೇಡಿಯೋ ಇರುತ್ತದೆ. ಪಂಚರ್ ಆದರೆ ಹಬ್ ಮೋಟಾರ್ (ಚಕ್ರದ ನಡುವೆಯೇ ಕೂರಿಸಿದ ಮೋಟಾರ್) ಇರುವ ಹಿಂದಿನ ಚಕ್ರ ಬಿಚ್ಚುವ ಸಾಹಸ ಬೇಡ. ಹತ್ತಿರದ ನಿಲ್ದಾಣದಲ್ಲಿ ಬೀಗ ಹಾಕಿ, ಬಸ್ಸು ಹತ್ತಿ, ಅಂಗಡಿಯವರಿಗೆ ತಿಳಿಸಿ.

ಇನ್ನೊಂದು ನಿಷೇಧ. ಪೂರ್ವದ ಕಡೆಗೆ ಹೋಗುವ, 1930ರಲ್ಲಿ ಮುಗಿದ ಝಯಾನ್-ಮೌಂಟ್ ಕಾರ್ಮೆಲ್ ಸುರಂಗ 1.1 ಮೈಲಿ ಉದ್ದ. ಅದರೊಳಗೆ ಸೈಕಲ್ ಬಿಡುವುದಿಲ್ಲ, ನಡೆಯಲೂ ಬಿಡುವುದಿಲ್ಲ. ಆ ಕಡೆ ಮರುದಿನ ಕಾರಿನಲ್ಲಿ ಹೋಗಿ.

ಸಂಜೆ

ಅಂಗಡಿ ಮುಚ್ಚುವ ಸಮಯಕ್ಕೆ ಒಂದು ಗಂಟೆ ಮುಂಚೆ ಪಾರೂಸ್ ಟ್ರೇಲ್ ತಲುಪುವ ಹಾಗೆ ಲಾಡ್ಜ್ ಬಿಡಿ. ಸಂಜೆ ಹೊತ್ತು ನದಿ ದಂಡೆಗೆ ಮ್ಯೂಲ್ ಜಿಂಕೆಗಳು ಬರುತ್ತವೆ. ಕೆಲವು ಸಲ ದಾರಿಗೇ ಅಡ್ಡ ನಿಲ್ಲುತ್ತವೆ, ಇಳಿದು ಕಾಯಿರಿ. ಸೈಕಲ್ ವಾಪಸ್ ಕೊಡುವಾಗ ಬೀಗದ ಕೀ, ಹೆಲ್ಮೆಟ್ ಎಣಿಸಿ ಒಪ್ಪಿಸಿ, ಚೀಲದೊಳಗೆ ಯಾರದ್ದಾದರೂ ಕನ್ನಡಕ, ಚಾರ್ಜರ್ ಉಳಿದಿದೆಯಾ ನೋಡಿ.

ರಜೆ ಇನ್ನೂ ಉಳಿದಿದ್ದು ಗುಂಪಿಗೆ ಇದರ ರುಚಿ ಹತ್ತಿದ್ದರೆ ಗ್ರ್ಯಾಂಡ್ ಕ್ಯಾನ್ಯನ್‌ನ ಸೌತ್ ರಿಮ್ ಕಡೆಗೆ ಹೋಗಬಹುದು. ಅಲ್ಲಿಯ ಹರ್ಮಿಟ್ ರೋಡ್ 7 ಮೈಲಿ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅದಕ್ಕೂ ಖಾಸಗಿ ಕಾರು ಬಂದ್, ಸೈಕಲ್ಲಿಗೆ ಅವಕಾಶ ಇದೆ. ಬಸ್ಸು ಬಂದರೆ ಅಲ್ಲೂ ಬಲಕ್ಕೆ ಸರಿದು ಇಳಿದು ನಿಲ್ಲಬೇಕು. ಒಂದು ವ್ಯತ್ಯಾಸ: ರಸ್ತೆ ಕಣಿವೆಯ ತಳದಲ್ಲಿಲ್ಲ, ಅಂಚಿನಲ್ಲಿದೆ. ಫೋಟೋ ತೆಗೆಯುವವರು ಮೊದಲು ಸೈಕಲ್ ನಿಲ್ಲಿಸಿ, ಆಮೇಲೆ ಮೊಬೈಲ್ ಹೊರಗೆ ತೆಗೆಯಲಿ.